ಸಿಸ್ಟಿಕ್ ಫೈಬ್ರೋಸಿಸ್ ಇರುವ ಮಗುವಿಗೆ ಏನು ಉಣ್ಣಿಸೋದು? ಕೊಡಗಿನ ಅಡುಗೆಮನೆಯಿಂದ ಒಂದು ಲೆಕ್ಕ

"ಹೊಟ್ಟೆ ಸರಿಯಿಲ್ಲದ ಮಗುವಿಗೆ ತುಪ್ಪ ಯಾಕೆ ಸುರಿತೀಯ? ಗಂಜಿ ಕೊಡು." ಸಿಸ್ಟಿಕ್ ಫೈಬ್ರೋಸಿಸ್ (ಸಿ.ಎಫ್.) ಅನ್ನುವ ಹುಟ್ಟಿನಿಂದಲೇ ಬರುವ ಕಾಯಿಲೆ ಇರುವ ಮಗುವಿನ ತಾಯಿಗೆ ಮೊದಲು ಸಿಗುವ ಸಲಹೆ ಇದು. ನಮ್ಮ ಅತ್ತೆ ಹೇಳಿದರು, ಪಕ್ಕದ ತೋಟದವರು ಹೇಳಿದರು, ಮದುವೆ ಮನೆಯಲ್ಲಿ ಗುರುತೇ ಇಲ್ಲದ ಒಬ್ಬರು ಪಂಕ್ತಿಯಲ್ಲಿ ಕೂತು ಹೇಳಿದರು. ಪ್ರೀತಿಯಿಂದಲೇ ಹೇಳುತ್ತಾರೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಈ ಕಾಯಿಲೆಗೆ ಅದು ಪೂರ್ತಿ ಉಲ್ಟಾ. ಈ ಮಕ್ಕಳಿಗೆ ಜಿಡ್ಡು ಜಾಸ್ತಿ ಬೇಕು, ಉಪ್ಪು ಜಾಸ್ತಿ ಬೇಕು, ಊಟವೇ ಜಾಸ್ತಿ ಬೇಕು. ತಿಂದ ಜಿಡ್ಡು ಅರಗೋದಕ್ಕೆ ಜೊತೆಗೆ ಎಂಜೈಮ್ ಕ್ಯಾಪ್ಸೂಲ್ ಬೇಕು.

ನಾನು ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗುವ ದಾರಿಯಲ್ಲಿ ಸಣ್ಣದೊಂದು ಹೋಂಸ್ಟೇ ನಡೆಸುತ್ತೇನೆ. ಬಂದವರಿಗೆ ಅಡುಗೆ ಮಾಡಿ ಹಾಕೋದು ನಾನೇ. ಮಗನಿಗೆ ಈಗ ಏಳು ವರ್ಷ, ತೂಕ 20 ಕೆ.ಜಿ. ನಾನು ಡಾಕ್ಟರಲ್ಲ, ಡಯಟೀಷಿಯನ್ನೂ ಅಲ್ಲ. ಅವರು ಹೇಳಿದ ಲೆಕ್ಕವನ್ನು ಕಡಂಬುಟ್ಟು (ಅಕ್ಕಿ ತರಿಯ ಹಬೆ ಉಂಡೆ), ಅಕ್ಕಿ ರೊಟ್ಟಿ, ಪಂದಿ ಕರಿಗೆ (ಹಂದಿ ಮಾಂಸದ ಸಾರಿಗೆ) ಹೊಂದಿಸಿಕೊಂಡವಳು. ಇಂಟರ್ನೆಟ್‌ನಲ್ಲಿ ಹುಡುಕಿದರೆ ಚೀಸ್ ಹಾಕಿದ ಪಾಸ್ತಾ, ಕ್ರೀಮ್ ಹಾಕಿದ ಸೂಪ್ ಅಂತ ಬರುತ್ತದೆ. ನಮ್ಮ ಮನೆಯಲ್ಲಿ ಅದನ್ನೆಲ್ಲ ದಿನಾ ಯಾರು ಮಾಡ್ತಾರೆ? ಬೇಕಾದ್ದೆಲ್ಲ ನಮ್ಮ ಅಡುಗೆಮನೆಯಲ್ಲೇ ಇದೆ.

ಯಾಕೆ ಹೀಗೆ ಅಂತ ಸ್ವಲ್ಪ ಹೇಳಿಬಿಡುತ್ತೇನೆ. ಸಿ.ಎಫ್.ಟಿ.ಆರ್. ಅನ್ನುವ ಜೀನ್‌ನಲ್ಲಿ ದೋಷ ಇದ್ದಾಗ ಈ ಕಾಯಿಲೆ ಬರುತ್ತದೆ. ಅಪ್ಪ, ಅಮ್ಮ ಇಬ್ಬರಿಂದಲೂ ದೋಷದ ಪ್ರತಿ ಬಂದಿರಬೇಕು. ಹಾಗಾಗಿ ಯಾರ ಕಡೆಯದು ಅಂತ ಜಗಳ ಬೇಡ. ಮೈಯೊಳಗಿನ ಲೋಳೆ ಅಂಟಂಟಾಗಿ ಗಟ್ಟಿಯಾಗುತ್ತದೆ. ಶ್ವಾಸಕೋಶದಲ್ಲಿ ಕಫವಾಗಿ ಕಾಡುತ್ತದೆ. ಮೇದೋಜೀರಕ ಗ್ರಂಥಿಯಲ್ಲಿ, ಅಂದರೆ ಪ್ಯಾಂಕ್ರಿಯಾಸ್‌ನಲ್ಲಿ, ನಾಳಗಳನ್ನೇ ಮುಚ್ಚಿಬಿಡುತ್ತದೆ. ಜಿಡ್ಡನ್ನು ಒಡೆಯುವ ಲೈಪೇಸ್ ಎಂಬ ಎಂಜೈಮ್ ಕರುಳಿಗೆ ಇಳಿಯುವುದೇ ಇಲ್ಲ. ತಿಂದ ತುಪ್ಪ ತಿಂದ ಹಾಗೇ ಹೊರಗೆ ಹೋಗುತ್ತದೆ. ಜಿಡ್ಡಿನಲ್ಲಿ ಕರಗುವ ಎ, ಡಿ, ಇ, ಕೆ ವಿಟಮಿನ್‌ಗಳೂ ಅದರ ಜೊತೆ ಹೋಗುತ್ತವೆ. ಇನ್ನೊಂದು ಕಡೆ ಕೆಮ್ಮಿಗೆ, ಸೋಂಕಿಗೆ, ಉಸಿರಾಟಕ್ಕೆ ಮೈ ಶಕ್ತಿ ಖರ್ಚು ಮಾಡುತ್ತಲೇ ಇರುತ್ತದೆ. ಅದಕ್ಕೇ ಓರಗೆಯ ಮಕ್ಕಳಿಗಿಂತ ಜಾಸ್ತಿ ಕ್ಯಾಲೊರಿ ಬೇಕು. ಯುರೋಪಿನ ಮಾರ್ಗಸೂಚಿ ಆ ಮಕ್ಕಳಿಗೆ ಬೇಕಾದ್ದರ 120ರಿಂದ 150 ಶೇಕಡಾ ಅನ್ನುತ್ತದೆ. ಅದರಲ್ಲಿ 35ರಿಂದ 40 ಶೇಕಡಾ ಜಿಡ್ಡಿನಿಂದಲೇ ಬರಬೇಕು.

ಒಂದು ಕಾಲದಲ್ಲಿ ಡಾಕ್ಟರುಗಳೂ ನಮ್ಮ ಅತ್ತೆಯ ಹಾಗೇ ಯೋಚಿಸುತ್ತಿದ್ದರು: ಜಿಡ್ಡು ಅರಗೋಲ್ಲ, ಆದ್ದರಿಂದ ಜಿಡ್ಡು ಕಡಿಮೆ ಮಾಡಿ. ಕೆನಡಾದ ಟೊರಾಂಟೊದ ಆಸ್ಪತ್ರೆ 1970ರ ದಶಕದಲ್ಲಿ ಬೇರೆ ದಾರಿ ಹಿಡಿಯಿತು. ಎಂಜೈಮ್ ಜಾಸ್ತಿ ಕೊಟ್ಟು, ಜಿಡ್ಡನ್ನೂ ಧಾರಾಳವಾಗಿ ಕೊಟ್ಟರು. ಅಮೆರಿಕದ ಬೋಸ್ಟನ್‌ನಲ್ಲಿ ಹಳೆಯ ಪಥ್ಯವೇ ನಡೆಯುತ್ತಿತ್ತು. 1988ರಲ್ಲಿ ಎರಡೂ ಊರುಗಳ ರೋಗಿಗಳನ್ನು ಹೋಲಿಸಿ ನೋಡಿದಾಗ ಬೋಸ್ಟನ್‌ನಲ್ಲಿ ಆಯಸ್ಸಿನ ಮಧ್ಯಮ ಲೆಕ್ಕ 21 ವರ್ಷ ಇತ್ತು, ಟೊರಾಂಟೊದಲ್ಲಿ 30. ಶ್ವಾಸಕೋಶದ ಸ್ಥಿತಿ ಎರಡು ಕಡೆಯೂ ಹೆಚ್ಚುಕಮ್ಮಿ ಒಂದೇ. ಕಣ್ಣಿಗೆ ಕಾಣುವ ವ್ಯತ್ಯಾಸ ಇದ್ದದ್ದು ಮಕ್ಕಳ ಎತ್ತರ, ತೂಕದಲ್ಲಿ. ಆಮೇಲೆ ಔಷಧಿ ತುಂಬ ಸುಧಾರಿಸಿದೆ, ಈ ಅಂಕಿ ಈಗಿನದ್ದಲ್ಲ, ಹೆದರಬೇಡಿ. ಗಂಜಿ ಕೊಡು ಅನ್ನುವವರಿಗೆ ನಾನು ಈ ಕತೆ ಹೇಳುತ್ತೇನೆ, ಅಷ್ಟೇ.

ಮೊದಲು ಪರೀಕ್ಷೆ, ಆಮೇಲೆ ಪಾತ್ರೆ

ಎಲ್ಲ ಸಿ.ಎಫ್. ಮಕ್ಕಳಿಗೂ ಕ್ಯಾಪ್ಸೂಲ್ ಬೇಕಾಗುವುದಿಲ್ಲ. ನೂರರಲ್ಲಿ ಸುಮಾರು 85 ಮಂದಿಗೆ ಬೇಕು. ಮಲದಲ್ಲಿ ಎಲಾಸ್ಟೇಸ್ ಅನ್ನುವ ಪ್ಯಾಂಕ್ರಿಯಾಸ್‌ನ ಎಂಜೈಮ್ ಎಷ್ಟಿದೆ ಅಂತ ಒಂದು ಪರೀಕ್ಷೆ ಇದೆ. 200ಕ್ಕಿಂತ ಕಡಿಮೆ ಬಂದರೆ ಪ್ಯಾಂಕ್ರಿಯಾಸ್ ಕೈಕೊಟ್ಟಿದೆ ಅಂತ ಅನುಮಾನ, 100ಕ್ಕಿಂತ ಕಡಿಮೆ ಇದ್ದರೆ ಬಹುಮಟ್ಟಿಗೆ ಖಾತ್ರಿ. ಆ ವರದಿ ಇಲ್ಲದೆ ಊಟದ ಲೆಕ್ಕ ಶುರು ಮಾಡಬೇಡಿ.

ಕ್ಯಾಪ್ಸೂಲ್‌ನೊಳಗೆ ಇರುವುದು ಪ್ಯಾಂಕ್ರಿಯಾಟಿನ್. ಹಂದಿಯ ಮೇದೋಜೀರಕದಿಂದ ತೆಗೆದದ್ದು. ಹಂದಿ ಮಾಂಸ ಅರಗಿಸಲು ಹಂದಿಯದೇ ಎಂಜೈಮ್. ನಮ್ಮ ಮನೆಯಲ್ಲಿ ಇದನ್ನು ಕೇಳಿ ಎಲ್ಲರೂ ನಕ್ಕರು. ಆದರೆ ಎಲ್ಲರ ಮನೆಯಲ್ಲೂ ಇದು ನಗುವ ವಿಷಯ ಅಲ್ಲ. ಸಸ್ಯಾಹಾರಿಗಳು, ಮುಸ್ಲಿಂ ಕುಟುಂಬದವರು ನಮ್ಮಲ್ಲೂ ಇದ್ದಾರೆ. ಮುಚ್ಚಿಡದೆ ಮೊದಲೇ ಡಾಕ್ಟರ ಹತ್ತಿರ, ನಿಮ್ಮ ಹಿರಿಯರ ಹತ್ತಿರ ಮಾತಾಡಿ. ಜೀವಕ್ಕೆ ಬೇಕಾದ ಔಷಧಿ ಅಂದರೆ ಒಪ್ಪುವವರೇ ಜಾಸ್ತಿ. ಮೆಡಿಕಲ್ ಶಾಪ್‌ನಲ್ಲಿ ಗ್ಯಾಸ್‌ಗೆ ಅಂತ ಕೊಡುವ ಡೈಜೆಸ್ಟಿವ್ ಸಿರಪ್ ಇದಕ್ಕೆ ಬದಲಿ ಆಗುವುದಿಲ್ಲ.

ಕ್ಯಾಪ್ಸೂಲ್ ಮೇಲೆ 10,000, 25,000 ಅಂತ ನಂಬರ್ ಇರುತ್ತದೆ. ಅದು ಲೈಪೇಸ್‌ನ ಯೂನಿಟ್. ನಮ್ಮ ಮಗನಿಗೆ ಡಯಟೀಷಿಯನ್ ಹಾಕಿಕೊಟ್ಟ ಲೆಕ್ಕ: 5 ಗ್ರಾಂ ಜಿಡ್ಡಿಗೆ 10,000ದ ಒಂದು ಕ್ಯಾಪ್ಸೂಲ್. ಇದು ನಮ್ಮ ಮಗನದು. ನಿಮ್ಮ ಮಗುವಿನದು ಇದರ ಅರ್ಧವೂ ಇರಬಹುದು, ಜಾಸ್ತಿಯೂ ಇರಬಹುದು. ಆದರೆ ಮೇಲಿನ ಮಿತಿ ಎಲ್ಲರಿಗೂ ಒಂದೇ: ಒಂದು ಊಟಕ್ಕೆ ಒಂದು ಕೆ.ಜಿ. ತೂಕಕ್ಕೆ 2,500 ಯೂನಿಟ್, ಇಡೀ ದಿನಕ್ಕೆ ಒಂದು ಕೆ.ಜಿ. ತೂಕಕ್ಕೆ 10,000 ಯೂನಿಟ್. ಅದನ್ನು ದಾಟಿದರೆ ದೊಡ್ಡ ಕರುಳು ಕಿರಿದಾಗುವ ಅಪಾಯ ಇದೆ ಅಂತ 1994ರಲ್ಲೇ ಗೊತ್ತಾಗಿದೆ. ನಮ್ಮ ಹುಡುಗನ 20 ಕೆ.ಜಿ.ಗೆ ಒಂದು ಊಟಕ್ಕೆ 50,000, ಅಂದರೆ ಐದು ಕ್ಯಾಪ್ಸೂಲ್. ಐದು ಕ್ಯಾಪ್ಸೂಲ್ ಅಂದರೆ 25 ಗ್ರಾಂ ಜಿಡ್ಡು. ಅಲ್ಲಿಗೆ ಒಂದು ವಿಷಯ ತಾನಾಗಿಯೇ ತೀರ್ಮಾನ ಆಯಿತು ನೋಡಿ. ದಿನಕ್ಕೆ 80 ಗ್ರಾಂ ಜಿಡ್ಡು ಬೇಕು ಅಂತ ರಾತ್ರಿ ಊಟಕ್ಕೇ ಎಲ್ಲ ಸುರಿಯೋ ಹಾಗಿಲ್ಲ. ಐದಾರು ಸಲ ಹಂಚಿ ಕೊಡಬೇಕು.

ಯಾವುದರಲ್ಲಿ ಎಷ್ಟು ಜಿಡ್ಡು

ಇದೊಂದು ಬಾಯಿಪಾಠ ಆದರೆ ಅರ್ಧ ಕೆಲಸ ಮುಗಿದ ಹಾಗೆ. ನಾನು ಫ್ರಿಜ್ ಮೇಲೆ ಅಂಟಿಸಿದ್ದೇನೆ.

ಒಂದು ಟೀ ಚಮಚ ತುಪ್ಪ ಅಥವಾ ಎಣ್ಣೆ 5 ಗ್ರಾಂ. ಒಂದು ಮೊಟ್ಟೆ 5 ಗ್ರಾಂ. ಹಾಲಿನ ಪ್ಯಾಕೆಟ್ ಮೇಲೆ ಶೇಕಡಾ ಎಷ್ಟು ಅಂತ ಬರೆದೇ ಇರುತ್ತದೆ. 3 ಶೇಕಡಾದ ಹಾಲು ಒಂದು ಲೋಟಕ್ಕೆ, ಅಂದರೆ 200 ಮಿ.ಲೀ.ಗೆ, 6 ಗ್ರಾಂ. 6 ಶೇಕಡಾದ್ದಾದರೆ 12 ಗ್ರಾಂ. ಒಂದು ಹಿಡಿ ಕಡಲೆಬೀಜ, 30 ಗ್ರಾಂ ಅಂತಿಟ್ಟುಕೊಳ್ಳಿ, 15 ಗ್ರಾಂ ಜಿಡ್ಡು. ಎಳ್ಳಿನಲ್ಲಿ ತೂಕದ ಅರ್ಧ ಜಿಡ್ಡೇ. ಹಸಿ ತೆಂಗಿನ ತುರಿಯಲ್ಲಿ ಮೂರನೇ ಒಂದು ಭಾಗ ಅಥವಾ ಸ್ವಲ್ಪ ಜಾಸ್ತಿ. ಅನ್ನ, ನೂಪುಟ್ಟು (ಅಕ್ಕಿ ಶ್ಯಾವಿಗೆ), ಎಣ್ಣೆ ತುಪ್ಪ ಸವರದ ಅಕ್ಕಿ ರೊಟ್ಟಿ, ಬರೀ ಕಡಂಬುಟ್ಟು ಇವುಗಳಲ್ಲಿ ಜಿಡ್ಡು ಹೇಳಿಕೊಳ್ಳುವಷ್ಟು ಇಲ್ಲ.

ಹಣ್ಣುಗಳಿಗೆ ಕ್ಯಾಪ್ಸೂಲ್ ಬೇಡ. ಕಿತ್ತಳೆ, ಬಾಳೆ, ಹಲಸು, ಪೇರಳೆ ಎಷ್ಟು ಬೇಕಾದರೂ ತಿನ್ನಲಿ. ಜೇನು, ಬೆಲ್ಲ, ಶರಬತ್ತು, ಕ್ಯಾಂಡಿಗೂ ಬೇಡ. ಜೇನು ಮಾತ್ರ ಒಂದು ವರ್ಷದೊಳಗಿನ ಮಗುವಿಗೆ ಬೇಡವೇ ಬೇಡ. ಬಾಟ್ಯುಲಿಸಂ ಅನ್ನುವ ವಿಷಬಾಧೆಯ ಅಪಾಯ ಇದೆ, ಕೊಡಗಿನ ಶುದ್ಧ ಜೇನಾದರೂ ಅಷ್ಟೇ.

ಹಣ್ಣಿನ ಸಾಲಿನಲ್ಲಿ ಒಂದು ಕಳ್ಳ ಇದೆ. ಬೆಣ್ಣೆಹಣ್ಣು (ಅವಕಾಡೊ). ನಮ್ಮ ಕಾಫಿ ತೋಟಗಳಲ್ಲಿ ಮೇ ತಿಂಗಳು ಕಳೆದರೆ ಬೆಣ್ಣೆಹಣ್ಣು ಬಿದ್ದು ರಾಶಿಯಾಗುತ್ತದೆ, ತಿನ್ನುವವರಿಲ್ಲದೆ ದನಕ್ಕೆ ಹಾಕುವವರೂ ಇದ್ದಾರೆ. ಅದರ 100 ಗ್ರಾಂ ತಿರುಳಿನಲ್ಲಿ 15 ಗ್ರಾಂ ಜಿಡ್ಡು ಇದೆ. ಬೆಂಗಳೂರಿನವರು ದುಡ್ಡು ಕೊಟ್ಟು ಕೊಳ್ಳುವ ಹಣ್ಣು ನಮ್ಮಲ್ಲಿ ಬಿಟ್ಟಿ. ಸಿ.ಎಫ್. ಮಗುವಿಗೆ ಇದಕ್ಕಿಂತ ಒಳ್ಳೆಯ ಹಣ್ಣು ಇಲ್ಲ ಅಂತ ನನ್ನ ಅಭಿಪ್ರಾಯ. ಹಾಲು, ಬೆಲ್ಲ ಹಾಕಿ ಮಿಕ್ಸಿಯಲ್ಲಿ ತಿರುಗಿಸಿದರೆ ಗಟ್ಟಿ ಪಾನಕ ಆಗುತ್ತದೆ, ಊಟ ಬೇಡ ಅಂತ ಹಟ ಮಾಡುವ ದಿನವೂ ಇಳಿಯುತ್ತದೆ. ಆದರೆ ಹಣ್ಣು ತಾನೇ ಅಂತ ಕ್ಯಾಪ್ಸೂಲ್ ಬಿಡೋ ಹಾಗಿಲ್ಲ.

ಇದಕ್ಕೆ ಎದುರು, ಮಳೆಗಾಲದಲ್ಲಿ ನಮ್ಮವರಿಗೆ ಪ್ರಾಣವಾದ ಕಣಿಲೆ (ಎಳೆ ಬಿದಿರು), ಅಣಬೆ. ರುಚಿಗೆ ಸರಿ, ಆದರೆ ಶಕ್ತಿ ಏನೂ ಇಲ್ಲ. ಸಣ್ಣ ಹೊಟ್ಟೆಯಲ್ಲಿ ಸುಮ್ನೆ ಜಾಗ ತಿನ್ನುತ್ತವೆ. ಕಣಿಲೆ ಪಲ್ಯ ಮಾಡಿದ ದಿನ ತೆಂಗಿನಕಾಯಿ ಧಾರಾಳ ಹಾಕಿ, ಮಗುವಿಗೆ ಎರಡು ಚಮಚ ಬಡಿಸಿ. ಸೌತೆಕಾಯಿ, ತಿಳಿಸಾರು, ಊಟಕ್ಕೆ ಮೊದಲು ಲೋಟ ತುಂಬ ನೀರು, ಇವೂ ಅದೇ ಜಾತಿ.

ಪಂದಿ ಕರಿ ಕೊಡಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಧಾರಾಳವಾಗಿ. ಕೊಬ್ಬಿನ ತುಂಡು ಎಷ್ಟು ಬಿತ್ತು ಅಂತ ನೋಡಿ ಕ್ಯಾಪ್ಸೂಲ್ ಎಣಿಸಬೇಕು ಅಷ್ಟೇ. ನಾನು ಅವನ ತಟ್ಟೆಗೆ ಬೇರೆ ಬಟ್ಟಲಿನಲ್ಲಿ ಬಡಿಸುತ್ತೇನೆ, ಕೊಬ್ಬು, ಮಾಂಸ ಎರಡೂ ಕಣ್ಣಿಗೆ ಕಾಣುವ ಹಾಗೆ. ಅದಕ್ಕೆ ಹಾಕುವ ಕಾಚಂಪುಳಿ (ನಮ್ಮ ಕಡೆಯ ಕಪ್ಪು ಹುಳಿ), ಕರಿಮೆಣಸು ಈ ಕಾಯಿಲೆಯಲ್ಲಿ ಬಿಡಬೇಕಾಗಿಲ್ಲ. ಮಗುವಿನ ನಾಲಿಗೆಗೆ ಖಾರ ತಡೆದರೆ ಆಯಿತು.

ನಮ್ಮ ಒಂದು ದಿನ

ಬೆಳಿಗ್ಗೆ ಎರಡು ಅಕ್ಕಿ ರೊಟ್ಟಿ. ಕೆಂಡದ ಮೇಲೆ ಉಬ್ಬಿದ ಕೂಡಲೇ ಚುಚ್ಚಿ, ಒಳಗೆ ಒಂದೊಂದು ಚಮಚ ತುಪ್ಪ. ಮೇಲೆ ಸವರಿದರೆ ತಟ್ಟೆಗೆ, ಕೈಗೆ ಹೋಗುತ್ತದೆ, ಒಳಗೆ ಬಿಟ್ಟರೆ ಹೊಟ್ಟೆಗೆ ಹೋಗುತ್ತದೆ. ಜೊತೆಗೆ ಒಂದು ಚಮಚ ಎಣ್ಣೆಯಲ್ಲಿ ಒಂದು ಮೊಟ್ಟೆಯ ಆಮ್ಲೆಟ್. ಒಟ್ಟು 20 ಗ್ರಾಂ, ನಾಲ್ಕು ಕ್ಯಾಪ್ಸೂಲ್. ಶಾಲೆಯ ಸಣ್ಣ ಬಿಡುವಿಗೆ ಕಡಲೆಬೀಜದ ಚಿಕ್ಕಿ ಮತ್ತು ಬಾಳೆಹಣ್ಣು. ಚಿಕ್ಕಿಗೆ ಎರಡು, ಬಾಳೆಹಣ್ಣಿಗೆ ಇಲ್ಲ. ಮಧ್ಯಾಹ್ನ ಅನ್ನ, ಸಾಂಬಾರು, ಮೊಟ್ಟೆ, ಮನೆಯಿಂದ ಕೊಟ್ಟ ಪುಟ್ಟ ಡಬ್ಬಿಯ ತುಪ್ಪ: ಮೂರು. ಸಂಜೆ ಅರ್ಧ ಬೆಣ್ಣೆಹಣ್ಣು ಹಾಲಿನಲ್ಲಿ ಕಡೆದದ್ದು: ನಾಲ್ಕು. ಬೆಣ್ಣೆಹಣ್ಣು ಇಲ್ಲದ ಕಾಲದಲ್ಲಿ ತೆಂಗಿನಕಾಯಿ ಜಾಸ್ತಿ ಹಾಕಿದ ಪಾಪುಟ್ಟು (ಅಕ್ಕಿ ತರಿಯ ಹಬೆ ತಿಂಡಿ), ಅದಕ್ಕೆ ಮೇಲಿಂದ ತುಪ್ಪ. ರಾತ್ರಿ ಕಡಂಬುಟ್ಟು, ಕೋಳಿ ಕರಿ: ಮೂರು. ಒಟ್ಟು ಸುಮಾರು 80 ಗ್ರಾಂ ಜಿಡ್ಡು, 1,60,000 ಯೂನಿಟ್. ಅವನ ದಿನದ ಮಿತಿ 2,00,000. ಹಾಗಾಗಿ ನೆಂಟರ ಮನೆಯಲ್ಲಿ ಏನಾದರೂ ತಿಂದರೂ ಒಂದೆರಡು ಕ್ಯಾಪ್ಸೂಲ್‌ಗೆ ಜಾಗ ಇರುತ್ತದೆ.

ಅಡುಗೆ ಎರಡು ಮಾಡಬೇಡಿ. ಇದು ನನ್ನ ಕಟ್ಟುನಿಟ್ಟು. ಎಲ್ಲರ ಪಾತ್ರೆಯಿಂದಲೇ ಬಡಿಸಿ, ಅವನ ತಟ್ಟೆಗೆ ಬಂದ ಮೇಲೆ ಜಿಡ್ಡು ಸೇರಿಸಿ. ಕಡಂಬುಟ್ಟು ಮಾಡುವಾಗ ಅವನ ಪಾಲಿನ ತರಿಗೆ ಮಾತ್ರ ತೆಂಗಿನ ತುರಿ, ತುಪ್ಪ ಕಲಸಿ, ಬೆರಳಲ್ಲಿ ಒಂದು ಗುಳಿ ಒತ್ತಿ ಗುರುತು ಮಾಡಿ ಹಬೆಯಲ್ಲಿಡುತ್ತೇನೆ. ಎಳ್ಳು ಪಜ್ಜಿ (ಚಟ್ನಿ) ಎಲ್ಲರಿಗೂ ಒಂದೇ, ಅವನಿಗೆ ಎರಡು ಚಮಚ ಜಾಸ್ತಿ. ಮಗುವಿಗೆ ತಾನು ಬೇರೆ ಅನ್ನಿಸಬಾರದು, ನನಗೂ ಕೆಲಸ ದುಪ್ಪಟ್ಟು ಆಗಬಾರದು. ಹೋಂಸ್ಟೇ ತುಂಬಿದ ದಿನ ಬೇರೆ ಒಲೆ ಹಚ್ಚೋದಕ್ಕೆ ನನಗೆಲ್ಲಿ ಪುರುಸೊತ್ತು?

ಇಡೀ ಕಡಲೆಬೀಜ, ಗೋಡಂಬಿ ಐದು ವರ್ಷದೊಳಗಿನ ಮಕ್ಕಳಿಗೆ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಪುಡಿ ಮಾಡಿ ಕೊಡಿ.

ಕ್ಯಾಪ್ಸೂಲ್ ಕೊಡುವ ಕ್ರಮ

ಊಟಕ್ಕೆ ಅರ್ಧ ಗಂಟೆ ಮೊದಲು ಅಲ್ಲ, ಊಟ ಆದ ಮೇಲೂ ಅಲ್ಲ. ಮೊದಲ ತುತ್ತಿನ ಜೊತೆ. ನುಂಗಲು ಬರುವ ಮಗು ನೀರಿನ ಜೊತೆ ನುಂಗಲಿ. ಊಟ ಅರ್ಧ ಗಂಟೆ ದಾಟುವ ಹಾಗಿದ್ದರೆ, ಮದುವೆ ಊಟದ ಹಾಗೆ, ಅರ್ಧ ಮೊದಲು, ಅರ್ಧ ನಡುವೆ.

ನುಂಗಲು ಬಾರದ ಮಗುವಿಗೆ ಕ್ಯಾಪ್ಸೂಲ್ ಬಿಚ್ಚಿ ಕೊಡಬೇಕು. ಇದನ್ನು ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ, ಎಡವೋದು ಇಲ್ಲೇ. ಕ್ಯಾಪ್ಸೂಲನ್ನು ನೆಟ್ಟಗೆ ಹಿಡಿದು ಮೇಲಿನ ಟೋಪಿಯನ್ನು ತಿರುಚುತ್ತ ಎತ್ತಿ. ಒಳಗೆ ಸಾಸಿವೆಗಿಂತ ಸಣ್ಣ, ಕಂದು ಬಣ್ಣದ ಕಾಳುಗಳು ಇರುತ್ತವೆ. ಒಂದೊಂದು ಕಾಳಿನ ಮೇಲೂ ಒಂದು ಲೇಪ ಇದೆ. ಆ ಲೇಪ ಮಳೆಗೆ ಹಾಕಿಕೊಳ್ಳುವ ಗೊರಬೆ ಇದ್ದ ಹಾಗೆ, ಜಠರದ ಆಮ್ಲದಿಂದ ಎಂಜೈಮನ್ನು ಕಾಯುತ್ತದೆ. ಕರುಳು ತಲುಪಿದ ಮೇಲೆ, ಆಮ್ಲ ಇಲ್ಲದ ಕಡೆ, ಕಳಚಿಕೊಳ್ಳುತ್ತದೆ. ಹಾಲಿನಲ್ಲಿ ಆಮ್ಲ ಸಾಲದು. ಹಾಲಿಗೆ ಹಾಕಿದರೆ ಲೇಪ ಲೋಟದಲ್ಲೇ ಕರಗಿ ಹೋಯಿತು. ಬಿಸಿ ಅನ್ನ, ಬಿಸಿ ಸಾರಿಗೆ ಹಾಕಿದರೆ ಎಂಜೈಮೇ ಸತ್ತಿತು. ಕುಟ್ಟಿ ಪುಡಿ ಮಾಡಿದರೂ ಅಷ್ಟೇ. ಹುಳಿ ಇರುವ ಮೆತ್ತಗಿನ ಹಣ್ಣಿಗೆ ಹಾಕಬೇಕು. ನಾನು ಸೇಬನ್ನು ಬೇಯಿಸಿ, ಮಸೆದು, ಪೂರ್ತಿ ಆರಿಸಿ ಇಟ್ಟುಕೊಳ್ಳುತ್ತಿದ್ದೆ. ಒಂದು ಚಮಚ ಸೇಬು, ಅದರ ಮೇಲೆ ಕಾಳು, ಕೂಡಲೇ ಬಾಯಿಗೆ. ಕಲಸಿ ಇಟ್ಟು ಆಮೇಲೆ ಕೊಡೋದು ಬೇಡ. ಜಗಿಯಲು ಬಿಡಬೇಡಿ. ಹಿಂದೆಯೇ ನೀರು ಅಥವಾ ಹಾಲು ಕುಡಿಸಿ, ಒಸಡಿನ ಸಂದಿಯನ್ನು ಬೆರಳಲ್ಲಿ ಸವರಿ ನೋಡಿ. ಅಲ್ಲಿ ಕಾಳು ಉಳಿದರೆ ಬಾಯಿಯ ಚರ್ಮವನ್ನೇ ಅರಗಿಸೋಕೆ ಶುರು ಮಾಡುತ್ತದೆ, ಹುಣ್ಣಾಗುತ್ತದೆ. ಹಾಲುಣ್ಣುವ ಕೂಸಿಗೂ ಇದೇ ಕ್ರಮ, ಎದೆಹಾಲಿಗೆ ಮೊದಲು. ಹಾಲು ಕೊಡುವ ತಾಯಿ ತನ್ನ ಎದೆಯ ತೊಟ್ಟನ್ನೂ ಒರೆಸಿಕೊಳ್ಳಬೇಕು. ಎದೆಹಾಲು ಮಾತ್ರ ಬಿಡಿಸಬೇಡಿ, ಈ ಮಕ್ಕಳಿಗೂ ಅದೇ ಒಳ್ಳೆಯದು.

ಕೊಡಗಿನ ಮಳೆಗಾಲಕ್ಕೆ ಒಂದು ಮಾತು. ಜೂನ್ ಬಂದರೆ ಗೋಡೆಯೇ ಬೆವರುತ್ತದೆ, ಉಪ್ಪಿನ ಡಬ್ಬಿಯಲ್ಲಿ ನೀರು. ಕ್ಯಾಪ್ಸೂಲ್ ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ, ಒಳಗಿನ ಸಿಲಿಕಾ ಚೀಟಿಯನ್ನು ಎಸೆಯಬೇಡಿ. ಒಣಗಿರಲಿ ಅಂತ ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಶಾಖಕ್ಕೆ ಕೆಡುತ್ತದೆ. 25 ಡಿಗ್ರಿ ಒಳಗೆ ಇರಬೇಕು. ನಮ್ಮಲ್ಲಿ ಮಲಗುವ ಕೋಣೆಯ ಬೀರುವೇ ಅದರ ಜಾಗ. ಮಳೆಗೆ ರಸ್ತೆ ಕುಸಿದು ಮಡಿಕೇರಿಗೆ ಹೋಗಲು ಆಗದ ದಿನಗಳು ಇಲ್ಲಿ ಹೊಸದಲ್ಲ. 2018ರ ಆಗಸ್ಟ್ ಯಾರಿಗೆ ಮರೆತಿದೆ? ಮೇ ಕೊನೆಯೊಳಗೆ ಎರಡು ತಿಂಗಳ ದಾಸ್ತಾನು ಮನೆಯಲ್ಲಿರಲಿ.

ಡೋಸ್ ಸರಿಯಾಗಿದೆಯೋ ಇಲ್ಲವೋ ಅಂತ ಕಕ್ಕಸಿನಲ್ಲೇ ಗೊತ್ತಾಗುತ್ತದೆ. ಮಲ ಬಿಳಿಚಿಕೊಂಡು, ಎಣ್ಣೆ ಹೊಳೆಯುತ್ತ, ನೀರು ಹಾಕಿದರೂ ಅಂಟಿಕೊಂಡಿದ್ದರೆ, ವಾಸನೆ ಮನೆಯೆಲ್ಲ ಹರಡಿದರೆ ಜಿಡ್ಡು ಅರಗಿಲ್ಲ. ಹೊಟ್ಟೆ ಉಬ್ಬರ, ಗ್ಯಾಸು, ಎಷ್ಟು ತಿಂದರೂ ಹಸಿವು, ಆದರೂ ತೂಕ ಏರದೆ ಇರೋದು, ಇವೂ ಅದೇ. ಹಾಗಂತ ನೀವೇ ಕ್ಯಾಪ್ಸೂಲ್ ಏರಿಸುತ್ತ ಹೋಗಬೇಡಿ, ಫೋನ್ ಮಾಡಿ ಕೇಳಿ. ಇದಕ್ಕೆ ವಿರುದ್ಧವಾಗಿ ಮಲ ಕಟ್ಟಿ, ಹೊಟ್ಟೆಯ ಬಲಗಡೆ ಕೆಳಗೆ ನೋವು, ವಾಂತಿ ಶುರುವಾದರೆ ಕರುಳು ಕಟ್ಟಿರಬಹುದು. ಮನೆಮದ್ದು ಮಾಡುತ್ತ ಕೂರದೆ ಆಸ್ಪತ್ರೆಗೆ ಹೋಗಿ.

ಉಪ್ಪು

ನ್ಯೂಯಾರ್ಕ್‌ನಲ್ಲಿ 1948ರ ಬಿಸಿಲ ಹೊಡೆತಕ್ಕೆ ಸಿಕ್ಕಿ ಸುಸ್ತಾಗಿ ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ಸಿ.ಎಫ್. ಇರುವವರೇ ಎದ್ದು ಕಂಡರು. ಅದರ ಬೆನ್ನುಹತ್ತಿದ ಡಾಕ್ಟರ್ ಪಾಲ್ ಡಿ ಸ್ಯಾಂಟ್ ಆಗ್ನೀಸ್ 1953ರಲ್ಲಿ ಕಾರಣ ತಿಳಿಸಿದರು: ಈ ಮಕ್ಕಳ ಬೆವರಿನಲ್ಲಿ ಉಪ್ಪು ವಿಪರೀತ. ಇವತ್ತಿಗೂ ಕಾಯಿಲೆ ಪತ್ತೆ ಮಾಡೋದು ಬೆವರಿನ ಪರೀಕ್ಷೆಯಿಂದಲೇ. ಕ್ಲೋರೈಡ್ 60 ಅಥವಾ ಮೇಲೆ ಬಂದರೆ ಸಿ.ಎಫ್.

"ನಮ್ಮ ಕಡೆ ತಂಪಲ್ವಾ, ಬೆವರು ಎಲ್ಲಿ ಬರುತ್ತೆ?" ಅಂತ ಮಡಿಕೇರಿಯವರು ಹೇಳಬಹುದು. ನಿಜ, ಆಗಸ್ಟ್‌ನಲ್ಲಿ ಮಡಿಕೇರಿಯಲ್ಲಿ ಕೂತ ಮಗುವಿಗೆ ಅಷ್ಟು ಚಿಂತೆ ಇಲ್ಲ. ಆದರೆ ಮಾರ್ಚ್, ಏಪ್ರಿಲ್‌ನಲ್ಲಿ ಕುಶಾಲನಗರದ ಬಿಸಿಲು ಬೇರೆಯೇ. ಸಂಪಾಜೆ ಘಾಟಿ ಇಳಿದು ಸುಳ್ಯ, ಮಂಗಳೂರು ಕಡೆ ಹೋದರೆ ಒಂದೆರಡು ಗಂಟೆಯಲ್ಲಿ ಅಂಗಿ ಒದ್ದೆ. ತಂಪಿನಲ್ಲಿ ಬೆಳೆದ ಮಗುವಿಗೆ ಆ ಸೆಕೆ ಇನ್ನೂ ಕಷ್ಟ. ಆಸ್ಪತ್ರೆಗೆ ಅಂತ ಘಾಟಿ ಇಳಿಯುವ ದಿನ ನಾನು ಓ.ಆರ್.ಎಸ್. ಒಂದು ಲೀಟರ್ ಕಲಸಿ ಬಾಟಲಿಯಲ್ಲಿ ಹಿಡಿದುಕೊಳ್ಳುತ್ತೇನೆ. ದೊಡ್ಡ ಪ್ಯಾಕೆಟ್‌ಗೆ ಒಂದು ಲೀಟರ್ ನೀರು, ಅಳತೆ ತಪ್ಪಬಾರದು. ಓ.ಆರ್.ಎಸ್. ಹೆಸರಿಗೆ ಹತ್ತಿರದ ಹೆಸರಿಟ್ಟುಕೊಂಡ ಸಿಹಿ ಟೆಟ್ರಾ ಪ್ಯಾಕ್‌ಗಳು ಬೇಡ, ಅದರಲ್ಲಿ ಉಪ್ಪು ಕಡಿಮೆ, ಸಕ್ಕರೆ ಜಾಸ್ತಿ.

ಮನೆಯಲ್ಲಿ ಉಪ್ಪು ಸೇರಿಸೋದು ಸುಲಭ. ಮಜ್ಜಿಗೆಗೆ, ಕಿತ್ತಳೆ ರಸಕ್ಕೆ, ಪೇರಳೆ ಹೋಳಿಗೆ ಚಿಟಿಕೆ ಉಪ್ಪು. ಊಟಕ್ಕೆ ಉಪ್ಪಿನಕಾಯಿ. ಹಾಲುಣ್ಣುವ ಕೂಸುಗಳ ವಿಷಯ ಬೇರೆ. ಅವರಿಗೆ ಎದೆಹಾಲಿನಲ್ಲಿ, ಪುಡಿಹಾಲಿನಲ್ಲಿ ಸಿಗುವ ಉಪ್ಪು ಸಾಲದು. ಅಮೆರಿಕದ ಸಿಸ್ಟಿಕ್ ಫೈಬ್ರೋಸಿಸ್ ಫೌಂಡೇಶನ್ ಆರು ತಿಂಗಳವರೆಗೆ ದಿನಕ್ಕೆ ಟೀ ಚಮಚದ ಎಂಟನೇ ಒಂದು ಭಾಗ, ಆಮೇಲೆ ಒಂದು ವರ್ಷದವರೆಗೆ ಕಾಲು ಚಮಚ ಅನ್ನುತ್ತದೆ, ಅದೂ ದಿನವಿಡೀ ಹಂಚಿ. ಆದರೆ ಕೂಸಿಗೆ ಉಪ್ಪು ಜಾಸ್ತಿಯಾದರೂ ಅಪಾಯವೇ. ನಿಮ್ಮ ಡಾಕ್ಟರು ಅಳತೆ ಬರೆದುಕೊಡಲಿ. ಸೆಕೆಗಾಲದಲ್ಲಿ ಮಗು ಸಪ್ಪಗಾಗಿ, ಹಾಲು ಬಿಟ್ಟು, ವಾಂತಿ ಮಾಡಿದರೆ ಅಜೀರ್ಣ ಅಂದುಕೊಳ್ಳಬೇಡಿ. ಹತ್ತಿರದ ಆಸ್ಪತ್ರೆಗೆ ಹೋಗಿ, ಸಿ.ಎಫ್. ಇದೆ ಅಂತ ಮೊದಲು ಹೇಳಿ, ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್ ಪರೀಕ್ಷೆ ಮಾಡಿಸಿ. ಮನೆಯ ಹಿರಿಯರಿಗೆ ಬಿ.ಪಿ. ಅಂತ ಸಪ್ಪೆ ಅಡುಗೆ ಮಾಡುವ ಮನೆಯಾದರೆ ಮಗುವಿನ ಉಪ್ಪನ್ನು ತಟ್ಟೆಯಲ್ಲಿ ಸೇರಿಸಿ.

ವಿಟಮಿನ್, ಸಕ್ಕರೆ, ಹೊಸ ಮಾತ್ರೆ

ಎ, ಡಿ, ಇ, ಕೆ ಡ್ರಾಪ್ಸ್ ಅಥವಾ ಮಾತ್ರೆಯನ್ನು ಜಿಡ್ಡಿನ ಊಟ ಮತ್ತು ಕ್ಯಾಪ್ಸೂಲ್ ಜೊತೆಯೇ ಕೊಡಬೇಕು. ಖಾಲಿ ಹೊಟ್ಟೆಗೆ ಕೊಟ್ಟರೆ ದಂಡ. ನುಗ್ಗೆ ಸೊಪ್ಪು, ಹರಿವೆ ಒಳ್ಳೆಯದೇ, ಆದರೆ ಅದರಿಂದಲೇ ಸಾಲದು. ಮಳೆಗಾಲದ ತಿಂಗಳುಗಳಲ್ಲಿ ನಮ್ಮಲ್ಲಿ ಬಿಸಿಲೇ ಇರೋದಿಲ್ಲ, ಡಿ ವಿಟಮಿನ್ ಕಡೆ ಕಣ್ಣಿರಲಿ. ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸುತ್ತಾರೆ.

ಹತ್ತು ವರ್ಷ ತುಂಬಿದ ಮೇಲೆ ಪ್ರತಿ ವರ್ಷ ಗ್ಲೂಕೋಸ್ ಕುಡಿಸಿ ಸಕ್ಕರೆ ಪರೀಕ್ಷೆ. ಪ್ಯಾಂಕ್ರಿಯಾಸ್ ಕೆಟ್ಟಿರುವುದರಿಂದ ಡಯಾಬಿಟಿಸ್ ಬರಬಹುದು. ಬಂದರೂ ಅಜ್ಜನಿಗೆ ಹೇಳಿದ ಪಥ್ಯ ಮಗುವಿಗೆ ಹಾಕಬೇಡಿ. ಊಟ ಕಡಿಮೆ ಮಾಡದೆ ಇನ್ಸುಲಿನ್‌ನಿಂದ ಹೊಂದಿಸುತ್ತಾರೆ.

ಇತ್ತೀಚೆಗೆ ಮಾಡ್ಯುಲೇಟರ್ ಅನ್ನುವ, ಜೀನ್ ದೋಷದಿಂದ ಕೆಟ್ಟ ಕೆಲಸವನ್ನೇ ಸರಿಪಡಿಸಲು ನೋಡುವ ಮಾತ್ರೆಗಳು ಬಂದಿವೆ. ಮೊದಲನೆಯದು 2012ರಲ್ಲಿ, ಮೂರು ಔಷಧಿ ಸೇರಿದ್ದು 2019ರಲ್ಲಿ. ಎಲ್ಲ ಜೀನ್ ದೋಷಕ್ಕೂ ಆಗುವುದಿಲ್ಲ, ಬೆಲೆಯೂ ನಮ್ಮಂಥವರ ಕೈಗೆ ಎಟುಕುವಂಥದ್ದಲ್ಲ. ಸಿಕ್ಕವರು ಅದನ್ನೂ ಜಿಡ್ಡಿರುವ ಊಟದ ಜೊತೆಯೇ ತೆಗೆದುಕೊಳ್ಳಬೇಕು. ಗ್ರೇಪ್‌ಫ್ರೂಟ್ (ಇದು ದ್ರಾಕ್ಷಿ ಅಲ್ಲ, ಕಿತ್ತಳೆ ಜಾತಿಯ ಹಣ್ಣು) ತಿನ್ನಬಾರದು ಅಂತ ಬರೆದಿರುತ್ತದೆ. ಹಿತ್ತಿಲಿನ ಚಕ್ಕೋತ ಅದರ ಹತ್ತಿರದ ನೆಂಟ, ಆದ್ದರಿಂದ ಅದನ್ನೂ ಡಾಕ್ಟರನ್ನು ಕೇಳದೆ ಕೊಡಬೇಡಿ. ಆ ಮಾತ್ರೆಯಿಂದ ತೂಕ ಚೆನ್ನಾಗಿ ಏರಿದರೆ ತುಪ್ಪದ ಲೆಕ್ಕವನ್ನೂ ಕಡಿಮೆ ಮಾಡಬೇಕಾಗಬಹುದು.

ಶಾಲೆ, ಹಬ್ಬ, ಹಟ

ಶಾಲೆಗೆ ಡಾಕ್ಟರ ಚೀಟಿ ಕೊಟ್ಟು ಟೀಚರ ಹತ್ತಿರ ಕೂತು ಮಾತಾಡಿ. ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡುತ್ತಾರೆ, ಬೇಡದವರಿಗೆ ಬಾಳೆಹಣ್ಣು. ನಾನು ಟೀಚರಿಗೆ ಒಂದೇ ಸಾಲು ಬರೆದುಕೊಟ್ಟಿದ್ದೇನೆ: ಮೊಟ್ಟೆ ತಿಂದರೆ ಒಂದು ಜಾಸ್ತಿ, ಬಾಳೆಹಣ್ಣಿಗೆ ಇಲ್ಲ. ಮಗ ಈಗ ತಾನೇ ಎಣಿಸುತ್ತಾನೆ. "ಅವ್ವ, ಇವತ್ತು ಚಿಕ್ಕಿ ಅರ್ಧ ತಿಂದೆ, ಒಂದೇ ತಗೊಂಡೆ" ಅಂತ ಬಂದು ಹೇಳುತ್ತಾನೆ. ಪದೇ ಪದೇ ಕಕ್ಕಸಿಗೆ ಹೋಗಲು ಬಿಡಬೇಕು, ನೀರಿನ ಬಾಟಲಿ ಪಕ್ಕದಲ್ಲೇ ಇರಬೇಕು, ಇವೆರಡನ್ನೂ ಹೇಳಿಬಿಡಿ.

ಹಬ್ಬಗಳಲ್ಲಿ ತಡೆಯಬೇಡಿ. ನಮ್ಮ ಸುಗ್ಗಿ ಹಬ್ಬ ಹುತ್ತರಿಯ ತಂಬಿಟ್ಟಿನಲ್ಲಿ ಬಾಳೆಹಣ್ಣು, ಹುರಿದ ಅಕ್ಕಿ ಹಿಟ್ಟು, ಎಳ್ಳು, ತೆಂಗಿನಕಾಯಿ, ತುಪ್ಪ. ಈ ಮಕ್ಕಳಿಗೆ ಅಂತಲೇ ಮಾಡಿದ ಹಾಗಿದೆ. ಎಳ್ಳು, ತೆಂಗು, ತುಪ್ಪ ಮೂರಕ್ಕೂ ಸೇರಿಸಿ ಕ್ಯಾಪ್ಸೂಲ್. ಆಟಿ ತಿಂಗಳ ಹದಿನೆಂಟನೇ ದಿನ ಮದ್ದು ಸೊಪ್ಪಿನ ಪಾಯಸ ಮಾಡಿದರೆ ತೆಂಗಿನ ಹಾಲಿನ ಲೆಕ್ಕ ಹಿಡಿಯಿರಿ. ಮಾರನೆಯ ದಿನ ಮೂತ್ರ ಕೆಂಪಾದರೆ ಸೊಪ್ಪಿನ ಬಣ್ಣ, ಗಾಬರಿ ಬೇಡ. ಆದರೆ ಲಿವರ್ ತೊಂದರೆಯೂ ಇರುವ ಮಗುವಾದರೆ ಈ ಸೊಪ್ಪು ಬೇಡ ಅಂತಲೇ ನಾನು ಹೇಳೋದು.

ಉಣ್ಣಲು ಹಟ ಮಾಡಿದರೆ ಅರ್ಧ ಗಂಟೆಗೆ ತಟ್ಟೆ ಎತ್ತಿಬಿಡಿ. ಎರಡು ಗಂಟೆ ಬಿಟ್ಟು ಮತ್ತೆ ಏನಾದರೂ ಕೊಡಿ. ಹಿಂದೆ ಓಡಿ ಓಡಿ ತುರುಕಿದರೆ ಮಗುವಿಗೆ ಊಟ ಅಂದರೇ ಅಲರ್ಜಿ ಆಗುತ್ತದೆ, ಅಮ್ಮನಿಗೆ ತಲೆನೋವು. ಎದೆಯ ಕಫ ತೆಗೆಯುವ ಫಿಸಿಯೋಥೆರಪಿಯನ್ನು ಊಟಕ್ಕೆ ಮೊದಲು ಮುಗಿಸಿ. ಉಂಡ ಕೂಡಲೇ ಮಾಡಿಸಿದರೆ ಅಷ್ಟು ಕಷ್ಟಪಟ್ಟು ಹಾಕಿದ ತುಪ್ಪ ವಾಂತಿಯಾಗುತ್ತದೆ.

ಇನ್ನು ಡಯಟೀಷಿಯನ್ ಹತ್ತಿರ ಹೋಗುವ ಮುಂಚೆ ಮೂರು ದಿನದ ಊಟ ಬರೆದಿಟ್ಟುಕೊಳ್ಳಿ. ಅದರಲ್ಲಿ ಒಂದು ದಿನ ಭಾನುವಾರ ಇರಲಿ, ರಜೆಯ ಊಟವೇ ಬೇರೆ ಇರುತ್ತದೆ. ಏನು ತಿಂದ, ಎಷ್ಟು ಚಮಚ, ಎಷ್ಟು ಕ್ಯಾಪ್ಸೂಲ್, ಮಲ ಹೇಗಿತ್ತು, ಇಷ್ಟು ಸಾಕು. ಎತ್ತರ, ತೂಕದ ಚಾರ್ಟ್ ತೋರಿಸಿ ಅಂತ ಕೇಳಿ. ಎರಡು ವರ್ಷ ದಾಟಿದ ಮಗುವಿನ ಬಿ.ಎಂ.ಐ. (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) ಚಾರ್ಟಿನ ನಡುಗೆರೆಯ, ಅಂದರೆ 50ನೇ ಪರ್ಸೆಂಟೈಲ್‌ನ, ಮೇಲೆ ಇರಬೇಕು ಅನ್ನೋದು ಗುರಿ. ತೂಕ ಬದಲಾದಾಗಲೆಲ್ಲ ಮಿತಿಯ ಲೆಕ್ಕವೂ ಬದಲಾಗುತ್ತದೆ. ಫ್ರಿಜ್ ಮೇಲಿನ ಹಳೆಯ ಚೀಟಿ ಕಿತ್ತು, ಅಲ್ಲೇ ಕೂತು ಹೊಸದು ಬರೆಸಿಕೊಂಡು ಬನ್ನಿ.